ಆರು ಗಾಜಿನ ಚಪ್ಪಡಿ, ಐದು ಭಾನುವಾರ

ನಮ್ಮ ಶಾಲೆಯಲ್ಲಿ ವಕ್ರೀಭವನದ, ಅಂದರೆ ಗಾಳಿಯಿಂದ ಗಾಜಿಗೆ ದಾಟುವಾಗ ಬೆಳಕು ಬಾಗುವುದನ್ನು ತೋರಿಸುವ ಪ್ರಯೋಗಕ್ಕೆ ಇದ್ದದ್ದು ಒಂದೇ ಗಾಜಿನ ಚಪ್ಪಡಿ. ದಸರಾ ರಜೆ ಮುಗಿಸಿ ಬಂದು ಕಪಾಟು ತೆಗೆದರೆ ಅದರ ಮೂಲೆ ಹಾರಿತ್ತು, ಒಳಗೆ ಅರ್ಧದವರೆಗೂ ಬಿರುಕು ಓಡಿತ್ತು. ಹತ್ತನೇ ತರಗತಿಯಲ್ಲಿ 52 ಮಕ್ಕಳು. ಚಪ್ಪಡಿ ಸರಿ ಇದ್ದಾಗಲೂ ನಾನು ಮೇಜಿನ ಮೇಲೆ ಗುಂಡುಸೂಜಿ ಚುಚ್ಚಿ ತೋರಿಸುವುದು, ಮುಂದಿನ ಎಂಟು ಮಂದಿ ನೋಡುವುದು, ಹಿಂದಿನವರು ಅವರ ಪಟ್ಟಿ ನೋಡಿ ಬರೆದುಕೊಳ್ಳುವುದು, ಹೀಗೇ ನಡೆದಿತ್ತು. ಈ ಸಲ ಹಾಗೆ ಮಾಡಬಾರದು ಅನ್ನಿಸಿತು. ಆರು ಚಪ್ಪಡಿ ನಾನೇ ಮಾಡುವುದು, ಎಂಟೊಂಬತ್ತು ಮಕ್ಕಳಿಗೆ ಒಂದರಂತೆ ಕೊಡುವುದು, ಗುಂಡುಸೂಜಿಯ ಜೊತೆಗೆ ಲೇಸರ್ ಗೆರೆಯಲ್ಲೂ ತೋರಿಸುವುದು ಎಂದು ಹೊರಟೆ. ಅಳತೆ 100 × 60 × 12 ಮಿ.ಮೀ. ಕೆಲಸ ನಡೆದದ್ದು ಗದಗ ಪಕ್ಕದ ಬೆಟಗೇರಿಯ ನಮ್ಮ ಮನೆಯ ಹಿತ್ತಲಲ್ಲಿ. ಆಗ ಬರೆದಿಟ್ಟ ಟಿಪ್ಪಣಿಗಳನ್ನೇ ಇಲ್ಲಿ ಜೋಡಿಸಿದ್ದೇನೆ.

ನವೆಂಬರ್ 2, ಭಾನುವಾರ. ಮೊದಲ ಗಾಜು ಸಿಡಿಯಿತು

ಪರಿಚಯದವರ ಅಂಗಡಿ ಮುಚ್ಚಿದಾಗ ಬಂದ ಶೋಕೇಸಿನ ಗಾಜಿನ ಹಲಗೆಯೊಂದು ಮನೆಯಲ್ಲಿತ್ತು. ದಪ್ಪ 10 ಮಿ.ಮೀ. ಪುಕ್ಕಟೆ ಗಾಜು ಇರುವಾಗ ಕೊಳ್ಳುವುದೇಕೆ ಎಂದು 120 ರೂಪಾಯಿಯ ಗಾಜು ಕೊಯ್ಯುವ ಪೆನ್ನು ತಂದು, ಸೀಮೆಎಣ್ಣೆ ಸವರಿ ಗೆರೆ ಎಳೆದೆ. ಗೆರೆ ಬಿತ್ತು. ಕೆಳಗೊಂದು ಕಡ್ಡಿ ಇಟ್ಟು ಎರಡೂ ಕಡೆ ಒತ್ತಿದೆ. ಇಡೀ ಹಲಗೆ ಒಂದೇ ಸದ್ದಿಗೆ ಸಕ್ಕರೆ ಹರಳಿನ ಹಾಗೆ ಪುಡಿಪುಡಿಯಾಗಿ ಹಿತ್ತಲ ತುಂಬ ಹರಡಿತು. ಕೈಗವಸು ಮತ್ತು ಕನ್ನಡಕ ಹಾಕಿಕೊಂಡಿದ್ದರಿಂದ ಮುಂಗೈಗೆ ಎರಡು ಗೀರು ಬಿದ್ದು ಅಷ್ಟಕ್ಕೇ ಮುಗಿಯಿತು.

ಅದು ಟಫನ್ಡ್ ಗಾಜು. ಕಾಯಿಸಿ ಗಾಳಿ ಊದಿ ಥಟ್ಟನೆ ತಣಿಸಿದ ಗಾಜಿನಲ್ಲಿ ಮೇಲ್ಮೈ ಒತ್ತಡದಲ್ಲೂ ಒಳಗು ಎಳೆತದಲ್ಲೂ ಇರುತ್ತದೆ, ಒಂದು ಕಡೆ ಆಳವಾಗಿ ಸೀಳಿದರೆ ಪೂರ್ತಿ ಸಿಡಿಯುತ್ತದೆ. ಕೊಯ್ಯುವುದು, ಕೊರೆಯುವುದು, ಅಂಚು ಸವೆಯುವುದು ಎಲ್ಲ ಕಾಯಿಸುವುದಕ್ಕೂ ಮೊದಲೇ ಆಗಬೇಕು. ಸಾಮಾನ್ಯವಾಗಿ ಮೂಲೆಯಲ್ಲೊಂದು ಸಣ್ಣ ಮುದ್ರೆ ಇರುತ್ತದೆ. ನನ್ನ ಹಲಗೆಯಲ್ಲೂ ಇತ್ತು. ಅದನ್ನು ಕಂಪನಿಯ ಹೆಸರು ಎಂದುಕೊಂಡು ಬಿಟ್ಟಿದ್ದೆ. ಮುದ್ರೆ ಇಲ್ಲದಿದ್ದರೆ ಲ್ಯಾಪ್‌ಟಾಪಿನ ಬಿಳಿ ಪರದೆಯ ಮುಂದೆ ಗಾಜು ಹಿಡಿದು ಪೋಲರಾಯ್ಡ್ ತಂಪು ಕನ್ನಡಕದಿಂದ ನೋಡಿ, ಕನ್ನಡಕವನ್ನು ಮೆಲ್ಲಗೆ ತಿರುಗಿಸಿ. ಟಫನ್ಡ್ ಗಾಜಿನಲ್ಲಿ ಮಚ್ಚೆ, ಪಟ್ಟೆ ಕಾಣುತ್ತವೆ. ಸಾದಾ ಗಾಜು ಒಂದೇ ಸಮ ಇರುತ್ತದೆ. ಹಳೆಯ ಗಾಜು ಬಳಸುವವರು ಈ ಪರೀಕ್ಷೆ ಮಾಡದೆ ದಯವಿಟ್ಟು ಕೈ ಹಚ್ಚಬೇಡಿ.

ನವೆಂಬರ್ 8, ಶನಿವಾರ. ಹುಬ್ಬಳ್ಳಿ

ಬೆಳಗಿನ ಶಾಲೆ ಮುಗಿಸಿ ಹುಬ್ಬಳ್ಳಿ ರೈಲು ಹತ್ತಿದೆ. ಗಾಜಿನ ಅಂಗಡಿಯಲ್ಲಿ 12 ಮಿ.ಮೀ. ಸಾದಾ ಗಾಜಿನ ಉಳಿಕೆ ತುಂಡುಗಳು ಸಿಕ್ಕವು. ಆರು ತುಂಡು, ಕೊಯ್ದು ಅಂಚಿನ ಚೂಪು ಮುರಿದು ಕೊಡುವುದಕ್ಕೆ ಒಂದಕ್ಕೆ 90ರಂತೆ 540 ರೂಪಾಯಿ. “ಅಂಚು ಪಾಲಿಶ್ ಮಾಡಿ ಕೊಡ್ತೀರೇನ್ರಿ?” ಎಂದು ಕೇಳಿದೆ. “ಇಷ್ಟು ಸಣ್ಣ ತುಂಡು ಮಶೀನಿಗೆ ಕೂಡೂದಿಲ್ರಿ ಸರ, ಬೆಲ್ಟಿಗೆ ಹಿಡದು ಚೂಪು ತಗದು ಕೊಡತೇನಿ ನೋಡ್ರಿ” ಎಂದರು. ಬೆಲ್ಟಿಗೆ ಹಿಡಿದ ಅಂಚು ಹಾಲಿನ ಹಾಗೆ ಬೆಳ್ಳಗೆ ಮಬ್ಬಾಗಿ ಬಂತು. ಅವರು ಚೂಪು ತೆಗೆಯಲು ಅಂಚಿನ ಎರಡೂ ಬದಿಗೆ 45 ಡಿಗ್ರಿ ಓರೆ ಕೊಟ್ಟಿದ್ದರು. ಆ ಓರೆ ಎರಡು ವಾರದ ನಂತರ ನನ್ನನ್ನು ಸುಸ್ತು ಮಾಡಲಿದೆ ಎಂದು ಆಗ ತಿಳಿಯಲಿಲ್ಲ.

ಅಲ್ಲೇ 200 ಗ್ರಾಂ ಸೀರಿಯಂ ಆಕ್ಸೈಡ್ ಸಿಕ್ಕಿತು, 160 ರೂಪಾಯಿ. ಗಾಜಿಗೆ ಕೊನೆಯ ಹೊಳಪು ಕೊಡುವ ತಿಳಿಗಂದು ಪುಡಿ ಇದು. ಕೊಪ್ಪೀಕರ ರಸ್ತೆಯ ಕಡೆಗೆ ನಡೆದು ಎರಡು ಲೈನ್ ಲೇಸರ್ ಮಾಡ್ಯೂಲ್ ತಗೊಂಡೆ. ಕೆಂಪು, 650 ನ್ಯಾನೋಮೀಟರ್, 5 ಮಿಲಿವಾಟ್, ಒಂದಕ್ಕೆ 180. ಬ್ಯಾಟರಿ ಡಬ್ಬಿ, ಸ್ವಿಚ್, ಸೆಲ್ ಸೇರಿ 150. ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಮರಳು ಕಾಗದ, ನಂಬರು ಏರಿದಷ್ಟೂ ಕಣ ಸಣ್ಣ) 120, 220, 400, 800, 1500 ನಂಬರಿನವು ಎರಡೆರಡು ಹಾಳೆ, 250. ಸಿ-ಕ್ಲ್ಯಾಂಪ್ ಎರಡು, 300. ವಾಪಸು ಬರುವಾಗ ರೈಲಿನಲ್ಲಿ ನೂಕುನುಗ್ಗಲು. ಅಣ್ಣಿಗೇರಿ ದಾಟುವತನಕ ಗಾಜಿನ ಗಂಟನ್ನು ತೊಡೆಯ ಮೇಲಿಂದ ಇಳಿಸಲಿಲ್ಲ.

ನವೆಂಬರ್ 9, ಭಾನುವಾರ. ಒಂದೊಂದೇ ಉಜ್ಜಿದ್ದು ತಪ್ಪು

ಬೆಳಕು ಒಳಹೋಗುವ ಮುಖ, ಹೊರಬರುವ ಮುಖ, ಅಂದರೆ 100 × 12ರ ಎರಡು ಉದ್ದ ಅಂಚುಗಳಿಗೆ ಹೊಳಪು ಬೇಕು. ಹಳೆಯ ಕನ್ನಡಿಯ ದಪ್ಪ ಹಲಗೆ ಸಮತಟ್ಟಾಗಿರುತ್ತದೆಂದು ಅದರ ಮೇಲೆ ವಾಟರ್ ಪೇಪರ್ ಹಾಸಿ, ನೀರು ಸುರಿದು, ಮೊದಲ ಚಪ್ಪಡಿಯನ್ನು ನಿಲ್ಲಿಸಿ ಉಜ್ಜಿದೆ. ನೀರು ಎರಡು ಕಾರಣಕ್ಕೆ ಬೇಕು: ಗಾಜಿನ ಧೂಳು ಮೂಗಿಗೆ ಹೋಗಬಾರದು, ಅಂಚು ಕಾದು ಬಿರಿಯಬಾರದು.

ಮಧ್ಯಾಹ್ನದ ಊಟದ ಹೊತ್ತಿಗೆ ಒಂದು ಅಂಚು ಹೊಳೆಯಿತು. ಖುಷಿಯಿಂದ ಟ್ಯೂಬ್‌ಲೈಟಿನ ಕೆಳಗೆ ಹಿಡಿದೆ. ಅಂಚಿನಲ್ಲಿ ಕಾಣುವ ಟ್ಯೂಬಿನ ಪ್ರತಿಬಿಂಬ ನೇರ ಕೋಲಾಗಿರಬೇಕು. ನನ್ನದು ಎರಡೂ ತುದಿಯಲ್ಲಿ ಬಿಲ್ಲಿನಂತೆ ಬಾಗಿತ್ತು. 12 ಮಿ.ಮೀ. ಅಗಲದ ಅಂಚನ್ನು ಕೈಯಲ್ಲಿ ಹಿಡಿದು ಉಜ್ಜಿದರೆ ಪ್ರತಿ ಎಳೆತಕ್ಕೂ ಕೈ ತುಸು ತೂಗುತ್ತದೆ, ಮುಖ ಉಬ್ಬಿಕೊಳ್ಳುತ್ತದೆ. ಉಬ್ಬಿದ ಮುಖ ಮಸೂರವಾಯಿತೇ ಹೊರತು ಚಪ್ಪಡಿಯಲ್ಲ.

ಇನ್ನೊಂದು ತಪ್ಪು: ಬೇಗ ಮುಗಿಯಲಿ ಎಂದು 220ರಿಂದ ನೇರ 800ಕ್ಕೆ ಹಾರಿದ್ದೆ. ಬರಿಗಣ್ಣಿಗೆ ಹೊಳಪೇ. ಲೇಸರ್ ಹಾಯಿಸಿದಾಗ ಮಾತ್ರ 220ರ ಗೀರುಗಳು ಒಳಗೇ ಉಳಿದದ್ದು ಗೊತ್ತಾಯಿತು. ಆಚೆ ಬಂದ ಗೆರೆ ಕುಂಕುಮ ಕಲಸಿದ ನೀರಿನಂತೆ ಹರಡಿತ್ತು. ಒಂದು ನಂಬರಿನ ಗೀರು ಪೂರ್ತಿ ಹೋಗುವತನಕ ಮುಂದಿನ ನಂಬರು ಹಿಡಿಯಬಾರದು. ಗೊತ್ತಾಗಲು ಸುಲಭ ದಾರಿ ಇದೆ: ಪ್ರತಿ ನಂಬರಿಗೂ ಉಜ್ಜುವ ದಿಕ್ಕು ಬದಲಿಸಿ, ಹಿಂದಿನ ದಿಕ್ಕಿನ ಗೀರು ಒಂದೂ ಕಾಣಬಾರದು.

ನವೆಂಬರ್ 16, ಭಾನುವಾರ. ಆರನ್ನೂ ಒಟ್ಟಿಗೆ ಕಟ್ಟಿದೆ

ವಾರವಿಡೀ ಯೋಚಿಸಿದ್ದು ಒಂದೇ: ಅಂಚು ತೂಗದಂತೆ ಹಿಡಿಯುವುದು ಹೇಗೆ. ಮರದ ಕಟ್ಟು ಮಾಡಿಸಲು ಬಡಗಿಯ ಹತ್ತಿರವೂ ಹೋಗಿ ಬಂದೆ. ಕೊನೆಗೆ ಉತ್ತರ ಚಪ್ಪಡಿಗಳಲ್ಲೇ ಇತ್ತು. ಆರನ್ನೂ ನಡುವೆ ಕಾಗದ ಇಟ್ಟು ಒಂದರ ಮೇಲೊಂದು ಪೇರಿಸಿ, ನೇರ ಮೂಲೆ ನೋಡುವ ಮೂಲೆಮಟ್ಟಕ್ಕೆ ಒತ್ತಿ ಸಾಲು ಮಾಡಿ ಎರಡು ಕ್ಲ್ಯಾಂಪಿನಿಂದ ಬಿಗಿದೆ. ಈಗ ಅಂಚಿನ ಅಗಲ 12 ಅಲ್ಲ, 72 ಮಿ.ಮೀ. ಇಟ್ಟಂಗಿಯಂತೆ ಗಟ್ಟಿಯಾಗಿ ಕೂತಿತು, ತೂಗುವ ಪ್ರಶ್ನೆಯೇ ಇಲ್ಲ. ನಡುವಿನ ಕಾಗದ ಮರಳಿನ ಕಣ ಒಳಸೇರಿ ಅಗಲ ಮುಖಕ್ಕೆ ಗೀರು ಬೀಳದಂತೆ ಕಾಯಿತು.

120ರಲ್ಲಿ 50 ನಿಮಿಷ, ಉಳಿದ ನಾಲ್ಕರಲ್ಲಿ ತಲಾ 25 ನಿಮಿಷ. ಪ್ರತಿ ನಂಬರಿನ ನಡುವೆ ಬಕೆಟ್ ನೀರಿನಲ್ಲಿ ಪೂರ್ತಿ ತೊಳೆದೆ, ಕೆಳಗಿನ ಕನ್ನಡಿಯನ್ನೂ ತೊಳೆದೆ. 400ರ ಕಣ ಒಂದು 1500ರ ಹಾಳೆಗೆ ಬಂದರೂ ಹೊಸ ಗೀರು ಬೀಳುತ್ತದೆ. 1500 ಮುಗಿದಾಗ ಅಂಚು ಬೂದು ಬಣ್ಣದ ರೇಷ್ಮೆಯಂತಿತ್ತು, ಅದರ ಮೂಲಕ ನೋಡಿದರೆ ಆಚೆಯದು ಇನ್ನೂ ಮಸುಕು.

ಸೀರಿಯಂ ಹಚ್ಚಲು ಫೆಲ್ಟ್ ಬೇಕಿತ್ತು. ಸಂಗೀತ ಕಲಿಸುವ ವೀರೇಶ್ವರ ಪುಣ್ಯಾಶ್ರಮದ ಊರಿನಲ್ಲಿ ಹಾರ್ಮೋನಿಯಂ ರಿಪೇರಿಯವರು ಸಿಗುವುದು ಕಷ್ಟವಲ್ಲ. ಹಾರ್ಮೋನಿಯಂನ ಬೆರಳೊತ್ತುವ ಮನೆಗಳ ಕೆಳಗೆ ಹಾಸುವ ಫೆಲ್ಟಿನ ಅಂಗೈಯಗಲದ ತುಂಡೊಂದನ್ನು ಒಬ್ಬರು ಹಾಗೇ ಕೊಟ್ಟರು, ಯಾತಕ್ಕೆ ಎಂದು ಕೇಳಿ ತಿಳಿದ ಮೇಲೆ ದುಡ್ಡು ಬೇಡವೆಂದರು. ಫೆಲ್ಟನ್ನು ಹಲಗೆಗೆ ಅಂಟಿಸಿ, ಸೀರಿಯಂ ಪುಡಿಯನ್ನು ಮಜ್ಜಿಗೆಯ ಹದಕ್ಕೆ ಕಲಸಿ ಸವರಿ, ಒಂದೊಂದು ಬದಿಗೆ 40 ನಿಮಿಷ ಒತ್ತಿ ಉಜ್ಜಿದೆ. ಫೆಲ್ಟ್ ಒಣಗುತ್ತ ಬಂದು ಗಾಜನ್ನು ಹಿಡಿದು ಎಳೆಯುತ್ತದಲ್ಲ, ಆ ಹೊತ್ತಿನಲ್ಲೇ ಹೊಳಪು ಏರುತ್ತದೆ. ಆಗ ನೀರು ಹಾಕಿ ಸಡಿಲಿಸಬೇಡಿ, ನಾಲ್ಕು ಎಳೆತ ಹೆಚ್ಚು ಕೊಟ್ಟು ಆಮೇಲೆ ಒಂದೆರಡು ಹನಿ ಹಾಕಿ. ಲಕ್ಕುಂಡಿಯಲ್ಲಿ ಕನ್ನಡಿಯಂತೆ ಹೊಳೆಯುವ ಕಂಬಗಳನ್ನು ಎಷ್ಟೋ ಸಲ ಸವರಿ ನೋಡಿದ್ದೇನೆ. ಕಲ್ಲಿಗೆ ಆ ಹೊಳಪು ಬರಿಸಿದ ಕೈಗಳ ತಾಳ್ಮೆ ಎಷ್ಟಿರಬೇಕು ಎಂಬುದು ಅವತ್ತು ಸಂಜೆ ನನ್ನ ಭುಜಗಳಿಗೆ ತಿಳಿಯಿತು.

ಟ್ಯೂಬ್‌ಲೈಟಿನ ಪ್ರತಿಬಿಂಬ ಆರರಲ್ಲೂ ನೇರ ಕೋಲು. ಬಿಚ್ಚಿ, ತೊಳೆದು, ಗುರುತಿಗೆ ಪ್ರತಿಯೊಂದರ ಅಡಿ ಮುಖದ ಮೂಲೆಯಲ್ಲಿ ವೈಟ್ನರಿನಿಂದ 1ರಿಂದ 6ರತನಕ ಅಂಕಿ ಬರೆದೆ.

ನವೆಂಬರ್ 16ರಿಂದ 20. ಗೆರೆ ಗಾಜಿನೊಳಗೆ ಮಾಯ

ಲೇಸರನ್ನು ಬಿಳಿ ಹಾಳೆಯಿಂದ 10 ಮಿ.ಮೀ. ಎತ್ತರದಲ್ಲಿ ಮರದ ತುಂಡಿಗೆ ಕಟ್ಟಿ, ತುಸು ಕೆಳಮುಖ ಮಾಡಿದೆ. ಹಾಳೆಯ ಮೇಲೆ ಕೆಂಪು ಗೆರೆ ಉದ್ದಕ್ಕೆ ಹರಿಯಿತು. ಚಪ್ಪಡಿ ಇಟ್ಟೆ. ಗೆರೆ ಗಾಜಿನ ತನಕ ಬಂತು, ಗಾಜಿನಾಚೆ ಸರಿದುಕೊಂಡು ಮತ್ತೆ ಕಂಡಿತು. ನಡುವಿನ 60 ಮಿ.ಮೀ.ನಲ್ಲಿ ಏನೇನೂ ಇಲ್ಲ. ಮಕ್ಕಳಿಗೆ ತೋರಿಸಬೇಕಾದದ್ದೇ ಆ ನಡುವಿನ ತುಂಡು, ಗೆರೆ ಲಂಬದ (ಗಾಜಿನ ಮುಖಕ್ಕೆ ನೆಟ್ಟಗೆ ನಿಲ್ಲುವ ರೇಖೆಯ) ಕಡೆ ವಾಲಿ ಹೋಗುವ ಆ ದಾರಿ.

ಹೊಳಪು ಸಾಲದೆಂದುಕೊಂಡೆ. ಸೋಮವಾರ, ಮಂಗಳವಾರ, ಬುಧವಾರ ಮೂರು ಸಂಜೆ ಮತ್ತೆ ಸೀರಿಯಂ ಉಜ್ಜಿದೆ. ಗಾಜಿನಾಚೆಯ ಗೆರೆ ಇನ್ನಷ್ಟು ಚೂಪಾಯಿತು, ಒಳಗೆ ಮಾತ್ರ ಕತ್ತಲೆ. ಮೂರು ಸಂಜೆ ತಪ್ಪು ಕಡೆ ದುಡಿದೆ.

ಗುರುವಾರ ಮೂರನೇ ಚಪ್ಪಡಿಯನ್ನು ಸರಿಸುವಾಗ ಲೇಸರಿನ ದಾರಿಗೆ ವೈಟ್ನರಿನ ‘3’ ಅಡ್ಡ ಬಂತು. ಆ ಅಂಕಿಯ ಒಂದು ಕಾಲು ಕೆಂಡದ ಹಾಗೆ ಹೊಳೆಯಿತು. ಬೆಳಕು ಗಾಜಿನೊಳಗೆ ಇದ್ದೇ ಇತ್ತು, ಕೆಳಗಿನ ಹಾಳೆಗೆ ಇಳಿಯುತ್ತಿರಲಿಲ್ಲ ಅಷ್ಟೆ. ಗಾಜಿಗೂ ಹಾಳೆಗೂ ನಡುವೆ ಕೂದಲೆಳೆಯಷ್ಟು ಗಾಳಿ ಇರುತ್ತದೆ. ಬದಿಯಿಂದ ಒಳಬಂದ ಕಿರಣ ಎಷ್ಟೇ ಓರೆಯಾಗಿ ಬಂದರೂ ಆ ಬದಿಯ ಲಂಬಕ್ಕೆ 41 ಡಿಗ್ರಿಗಿಂತ ಹೆಚ್ಚು ವಾಲಲಾರದು. ಹಾಗಾಗಿ ಅಡಿಯನ್ನು ಮುಟ್ಟುವಾಗ ಅಡಿಯ ಲಂಬದೊಡನೆ ಅದು ಮಾಡುವ ಕೋನ 49ಕ್ಕಿಂತ ಕಡಿಮೆ ಆಗಲಾರದು. ಗಾಜಿನಿಂದ ಗಾಳಿಗೆ ದಾಟುವ ಕ್ರಾಂತಿಕೋನ ಸುಮಾರು 41, ಅದಕ್ಕಿಂತ ಹೆಚ್ಚು ಓರೆಯಾಗಿ ಬಂದ ಕಿರಣ ಹೊರಬೀಳದೆ ಗಾಜಿನೊಳಕ್ಕೇ ತಿರುಗುತ್ತದೆ. ಅಂದಮೇಲೆ ಬದಿಯಿಂದ ಬಂದ ಯಾವ ಕಿರಣವೂ ನುಣುಪಾದ ಅಡಿಯಿಂದ ಹೊರಬೀಳುವಂತಿಲ್ಲ, ಎಲ್ಲವೂ ಸಂಪೂರ್ಣ ಆಂತರಿಕ ಪ್ರತಿಫಲನ. ಇದನ್ನು ಹದಿನಾಲ್ಕು ವರ್ಷ ಕರಿಹಲಗೆಯ ಮೇಲೆ ಬರೆದಿದ್ದೇನೆ. ಕಣ್ಣೆದುರು ನಡೆದಾಗ ಗುರುತು ಹಿಡಿಯಲು ನಾಲ್ಕು ದಿನ ಬೇಕಾಯಿತು.

ಮೊದಲು ಅಡಿ ಪೂರ್ತಿ ವೈಟ್ನರ್ ಬಳಿದು ನೋಡಿದೆ. ಗೆರೆ ಚೆನ್ನಾಗಿ ಬಂತು, ಆದರೆ ಎರಡು ಸಲ ಹಾಳೆಯ ಮೇಲೆ ಎಳೆದಾಡುವಷ್ಟರಲ್ಲಿ ಬಣ್ಣ ಏಳತೊಡಗಿತು. ಅಡಿಯನ್ನೇ ಒರಟು ಮಾಡುವುದು ಖಾಯಂ ದಾರಿ. ವಾಹನದ ಬಿಡಿಭಾಗದ ಅಂಗಡಿಯಲ್ಲಿ ಇಂಜಿನ್ನಿನ ವಾಲ್ವ್ ಕೂರಿಸಲು ಬಳಸುವ ಗ್ರೈಂಡಿಂಗ್ ಪೇಸ್ಟ್ ಸಿಗುತ್ತದೆ, ಒಂದು ಡಬ್ಬಿಗೆ 110 ರೂಪಾಯಿ ಕೊಟ್ಟೆ. ಅದರಲ್ಲಿನ ದಪ್ಪ ಕಣದ ಪೇಸ್ಟನ್ನು ಬೇರೊಂದು ಗಾಜಿನ ಮೇಲೆ ಸವರಿ, ಚಪ್ಪಡಿಯ ಅಡಿಯನ್ನು ಎಂಟರ ಆಕಾರದಲ್ಲಿ ಹತ್ತು ನಿಮಿಷ ಉಜ್ಜಿದೆ. ಸೀಮೆಎಣ್ಣೆಯಲ್ಲಿ ಒರೆಸಿ ಸೋಪಿನಲ್ಲಿ ತೊಳೆದಾಗ ಅಡಿ ಸ್ನಾನದಮನೆ ಕಿಟಕಿಯ ಗಾಜಿನಂತೆ ಬೆಳ್ಳಗಾಗಿತ್ತು. ಹಾಳೆಯ ಮೇಲಿಟ್ಟೆ. ಗಾಳಿಯಲ್ಲಿ ಬಂದ ಗೆರೆ, ಗಾಜಿನ ಮುಖದಲ್ಲಿ ಮುರಿದು, ಒಳಗೆ ಬೇರೆ ದಿಕ್ಕು ಹಿಡಿದು, ಆಚೆ ಮುಖದಲ್ಲಿ ಮತ್ತೆ ಮೊದಲಿನ ದಿಕ್ಕಿಗೆ ತಿರುಗಿ ಹೋಯಿತು. ಮೂರೂ ತುಂಡು ಒಂದೇ ನೋಟಕ್ಕೆ. ಮನೆಯವರನ್ನೆಲ್ಲ ಕರೆದು ತೋರಿಸಿದೆ.

ಹೊಳಪು ಎಲ್ಲಿ ಬೇಕು, ಒರಟು ಎಲ್ಲಿ ಬೇಕು ಎಂಬುದನ್ನು ಮೊದಲೇ ತೀರ್ಮಾನಿಸಿದ್ದರೆ ಒಂದು ವಾರ ಉಳಿಯುತ್ತಿತ್ತು. ಇದನ್ನು ಮಾಡಹೊರಟವರಿಗೆ ನಾನು ಹೇಳುವ ಮೊದಲ ಮಾತು ಇದೇ: ಎರಡು ಉದ್ದ ಅಂಚಿಗೆ ಹೊಳಪು, ಅಡಿಗೆ ಒರಟು, ಮೇಲ್ಮುಖ ಅಂಗಡಿಯಿಂದ ಬಂದ ಹಾಗೇ.

ಗೆರೆ ಗಾಜಿನೊಳಗೆ ಸಾಗಿದಷ್ಟೂ ಮಂಕಾಗುತ್ತದೆ, ಅದು ಪಾಲಿಶ್ ದೋಷವಲ್ಲ. ಸಾದಾ ಗಾಜಿನಲ್ಲಿ ತುಸು ಕಬ್ಬಿಣದ ಅಂಶ ಇರುತ್ತದೆ. ಅದು ಕೆಂಪನ್ನು ಹೀರಿಕೊಳ್ಳುತ್ತದೆ, ಅಂಚಿನಿಂದ ನೋಡಿದರೆ ಗಾಜು ಹಸಿರಾಗಿ ಕಾಣುವುದೂ ಅದರಿಂದಲೇ. ಹಸಿರು ಲೇಸರ್ ತಂದಿದ್ದರೆ ಇನ್ನೂ ಚೆನ್ನಾಗಿತ್ತು.

ನವೆಂಬರ್ 23, ಭಾನುವಾರ. 1.52 ಬರಬೇಕು, 1.61 ಬಂತು

ತರಗತಿಗೆ ಒಯ್ಯುವ ಮುಂಚೆ ನಾನೇ ಅಳೆದು ನೋಡಿದೆ. ಚಪ್ಪಡಿಯ ಸುತ್ತ ಪೆನ್ಸಿಲ್ ಎಳೆದು, ಬರುವ ಗೆರೆ, ಹೊರಡುವ ಗೆರೆ ಗುರುತಿಸಿ, ಚಪ್ಪಡಿ ತೆಗೆದು, ಎರಡು ಬಿಂದು ಸೇರಿಸಿ ಒಳಗಿನ ಕಿರಣ ಬರೆದೆ. ಇಂಥ ಗಾಜಿನ ವಕ್ರೀಭವನ ಸೂಚ್ಯಂಕ, ಅಂದರೆ ಗಾಜು ಬೆಳಕನ್ನು ಎಷ್ಟು ಬಾಗಿಸುತ್ತದೆಂದು ಹೇಳುವ ಸಂಖ್ಯೆ, 1.52ರ ಸುತ್ತ ಇರುತ್ತದೆ. ನನಗೆ ಪತನಕೋನ (ಬರುವ ಗೆರೆ ಲಂಬದೊಡನೆ ಮಾಡುವ ಕೋನ) 30ಕ್ಕೆ 1.57, 45ಕ್ಕೆ 1.58, 60ಕ್ಕೆ 1.61 ಬಂತು.

ಬರೀ ಹೆಚ್ಚು ಬಂದಿದ್ದರೆ ಬೇರೆ ಗಾಜಿರಬಹುದು ಎಂದು ಸುಮ್ಮನಾಗುತ್ತಿದ್ದೆ. ಕೋನ ಏರಿದ ಹಾಗೆ ಸಂಖ್ಯೆಯೂ ಏರುತ್ತಿದೆ, ಗಾಜು ಹಾಗೆ ಮಾಡುವುದಿಲ್ಲ. ಕೋನಮಾಪಕ ಬದಲಿಸಿದೆ, ಬೇರೆ ಚಪ್ಪಡಿ ಇಟ್ಟೆ, ಅದೇ ಏರಿಕೆ. ರಾತ್ರಿ ಊಟ ಆದಮೇಲೆ ಮೂಲೆಮಟ್ಟವನ್ನು ಹೊಳಪಿನ ಮುಖಕ್ಕೆ ಒತ್ತಿ ಹಾಳೆಯ ತನಕ ಇಳಿಸಿದೆ. ಪೆನ್ಸಿಲ್ ಗೆರೆಗೂ ಮೂಲೆಮಟ್ಟಕ್ಕೂ ನಡುವೆ 1.5 ಮಿ.ಮೀ. ಅಂತರ! ಅಂಗಡಿಯಲ್ಲಿ ಚೂಪು ತೆಗೆಯಲು ಕೊಟ್ಟಿದ್ದ ಓರೆ ಅದು. ಪೆನ್ಸಿಲ್ ಓರೆಯ ಒಳಗಿನ ಅಂಚನ್ನು ಹಿಡಿದು ಓಡಿತ್ತು, ಬೆಳಕು ಹೊರಗಿನ ನಿಜವಾದ ಮುಖದಲ್ಲಿ ಬಾಗಿತ್ತು. ಎರಡೂ ಬದಿ ಸೇರಿ 3 ಮಿ.ಮೀ. ಚಪ್ಪಡಿ ಹಾಳೆಯ ಮೇಲೆ 57 ಆಗಿತ್ತು, ನಿಜದಲ್ಲಿ 60. ಕಿರಣ ಓರೆಯಾದಷ್ಟೂ ಈ ತಪ್ಪು ಬೆಳೆಯುತ್ತದೆ.

ಗೆರೆಗಳನ್ನು ಮೂಲೆಮಟ್ಟದಿಂದ ಹೊಸದಾಗಿ ಹಾಕಿದೆ. ಕೋನಮಾಪಕವನ್ನೂ ಬಿಟ್ಟೆ. ಕಿರಣ ಗಾಜು ಹೊಗುವ ಬಿಂದುವನ್ನು ಕೇಂದ್ರ ಮಾಡಿ 10 ಸೆಂ.ಮೀ. ತ್ರಿಜ್ಯದ ವೃತ್ತ ಎಳೆದು, ಎರಡೂ ಕಿರಣಗಳನ್ನು ವೃತ್ತದ ತನಕ ಬೆಳೆಸಿ, ಅಲ್ಲಿಂದ ಲಂಬಕ್ಕೆ ಇರುವ ದೂರವನ್ನು ಸ್ಕೇಲಿನಲ್ಲಿ ಅಳೆದೆ. ನಮ್ಮ ಹಳಬರು ಜ್ಯಾ ಎಂದು ಕರೆದದ್ದು ಇದನ್ನೇ. ಗಾಳಿಯ ಜ್ಯಾವನ್ನು ಗಾಜಿನ ಜ್ಯಾದಿಂದ ಭಾಗಿಸಿದರೆ ಸೂಚ್ಯಂಕ. ಪಟ್ಟಿಯಲ್ಲಿ ಸೈನ್ ನೋಡುವ ಕೆಲಸವಿಲ್ಲ, ಮಕ್ಕಳಿಗೆ ಭಾಗಾಕಾರ ಬಂದರೆ ಸಾಕು.

30 ಡಿಗ್ರಿಗೆ 50 ಮತ್ತು 33. 45ಕ್ಕೆ 70.5 ಮತ್ತು 46.5. 60ಕ್ಕೆ 86.5 ಮತ್ತು 57. ಭಾಗಿಸಿ ನೋಡಿ, ಮೂರೂ 1.52ಕ್ಕೆ ಬಂದು ನಿಲ್ಲುತ್ತವೆ. 45 ಡಿಗ್ರಿಯಲ್ಲಿ ಕಿರಣ ಪಕ್ಕಕ್ಕೆ ಸರಿದದ್ದು 20 ಮಿ.ಮೀ., ಲೆಕ್ಕವೂ ಅಷ್ಟೇ ಹೇಳುತ್ತದೆ. ಆ ರಾತ್ರಿ ನಿದ್ದೆ ಚೆನ್ನಾಗಿ ಬಂತು.

ನವೆಂಬರ್ 30, ಭಾನುವಾರ. ಉಳಿದ ಸಣ್ಣ ಕೆಲಸ

ಉಳಿದ ಚಪ್ಪಡಿಗಳ ಅಡಿ ಒರಟು ಮಾಡಿದೆ. ಓರೆ ಅಂಚು ತಾನೇ ಪಟ್ಟಕದಂತೆ ಕೆಲಸ ಮಾಡಿ ಒಂದು ಕಳ್ಳ ಗೆರೆ ಎಬ್ಬಿಸುತ್ತಿತ್ತು, ಅದರ ಮೇಲೆ ಕಪ್ಪು ಉಗುರುಬಣ್ಣ ಬಳಿದೆ. ಲೇಸರಿಗೆ ಮೂರೂ ಕಡೆ ರಟ್ಟಿನ ಗೋಡೆ ಕಟ್ಟಿದೆ, ಹೊಳಪಿನ ಮುಖದಿಂದ ತಿರುಗಿ ಬರುವ ಬೆಳಕೂ ಕಣ್ಣಿಗೆ ಬೀಳಬಾರದು. 5 ಮಿಲಿವಾಟ್ ಸಣ್ಣದೆಂದು ಉದಾಸೀನ ಮಾಡುವಂತಿಲ್ಲ. ಮಕ್ಕಳು ನಿಂತು ಮೇಲಿನಿಂದ ನೋಡಬೇಕು, ಕುರ್ಚಿಯಲ್ಲಿ ಕೂತರೆ ಕಣ್ಣು ಮೇಜಿನ ಮಟ್ಟಕ್ಕೆ ಇಳಿಯುತ್ತದೆ. ಸ್ವಿಚ್ ನನ್ನ ಕೈಯಲ್ಲಿ.

ಐದನೇ ಚಪ್ಪಡಿ ಸರಿ ಬರಲಿಲ್ಲ. ಹೊರಡುವ ಕಿರಣ ಬರುವ ಕಿರಣಕ್ಕೆ ಸಮಾಂತರ ಇರಬೇಕು, ಇದರಲ್ಲಿ 30 ಸೆಂ.ಮೀ. ದೂರಕ್ಕೆ 3 ಮಿ.ಮೀ. ತಪ್ಪುತ್ತದೆ. ಕಟ್ಟುವಾಗ ಅದೊಂದು ಮೂಲೆಮಟ್ಟದಿಂದ ಜಾರಿರಬೇಕು, ಎರಡು ಮುಖ ಬೆಣೆಯಂತಾಗಿವೆ. ಸದ್ಯ ಪಕ್ಕಕ್ಕಿಟ್ಟಿದ್ದೇನೆ.

ಒಟ್ಟು ಖರ್ಚು, ಸಿಡಿದ ಗಾಜಿಗೆ ತಂದ ಪೆನ್ನೂ ಸೇರಿ 1,990 ರೂಪಾಯಿ. ಕ್ಲ್ಯಾಂಪ್, ಪೇಸ್ಟ್, ಅರ್ಧಕ್ಕಿಂತ ಹೆಚ್ಚು ಸೀರಿಯಂ ಉಳಿದಿವೆ.

ಡಿಸೆಂಬರ್ 1 ಮತ್ತು 2. ತರಗತಿಯಲ್ಲಿ

ಐದು ಚಪ್ಪಡಿ, ಐದು ಗುಂಪು, ಲೇಸರ್ ಎರಡು ಮೇಜಿಗೆ, ಉಳಿದವರಿಗೆ ಗುಂಡುಸೂಜಿ. ಪ್ರತಿ ಗುಂಪೂ ತನ್ನದೇ ಹಾಳೆಯಲ್ಲಿ ಅಳೆಯಿತು. ಬಂದದ್ದು 1.49ರಿಂದ 1.55ರ ನಡುವೆ. ಒಂದು ಗುಂಪಿಗೆ ಮಾತ್ರ 1.60. ನನ್ನದೇ ತಪ್ಪು ಮಾಡಿದ್ದರು, ಪೆನ್ಸಿಲನ್ನು ಓರೆಯ ಕೆಳಗೆ ಓಡಿಸಿದ್ದರು. ಅವರಿಗೆ ಉತ್ತರ ಹೇಳದೆ ಮೂಲೆಮಟ್ಟ ಕೊಟ್ಟೆ, ಅವರೇ ಕಂಡುಹಿಡಿದರು.

ಎರಡನೇ ದಿನ ಒಂದು ಚಪ್ಪಡಿಯಲ್ಲಿ ಗೆರೆ ನಡುವೆ ತುಂಡಾಗಿ ಕಾಣತೊಡಗಿತು. ತಿರುಗಿಸಿ ನೋಡಿದರೆ ಒರಟು ಅಡಿಯ ಮೇಲೆ ಎರಡು ಬೆರಳಿನ ಎಣ್ಣೆ ಗುರುತು. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿ ಬಂದ ಕೈ. ಎಣ್ಣೆ ಒರಟಿನ ಸಣ್ಣ ತಗ್ಗುಗಳನ್ನು ತುಂಬಿ ಅಲ್ಲಿ ಅಡಿಯನ್ನು ಮತ್ತೆ ನುಣುಪು ಮಾಡಿತ್ತು. ಕೊಬ್ಬರಿ ಎಣ್ಣೆಯ ಸೂಚ್ಯಂಕ ಸುಮಾರು 1.45, ಗಾಜಿಗೆ ಹತ್ತಿರ. ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೆದರೆ ಗೆರೆ ಮತ್ತೆ ಕೂಡಿಕೊಳ್ಳುತ್ತದೆ. ಚಪ್ಪಡಿಯನ್ನು ಬದಿಯಲ್ಲೇ ಹಿಡಿಯಿರಿ ಎಂದು ಹೇಳುವವನಿದ್ದೆ, ಅಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು: “ಸರ, ನೀರು ಹಚ್ಚಿದ್ರೂ ಹಿಂಗ ಆಗತದೇನ್ರಿ, ಇಲ್ಲಾ ಎಣ್ಣಿಗೆ ಅಷ್ಟ?” ನೀರಿನ ಸೂಚ್ಯಂಕ 1.33. ಬಾಟಲಿಯಿಂದ ಒಂದು ಹನಿ ಅಡಿಗೆ ಸವರಿ ಇಟ್ಟೆವು. ಗೆರೆ ಅಲ್ಲಿ ಮಸುಕಾಯಿತು, ಪೂರ್ತಿ ಅಳಿಯಲಿಲ್ಲ. ಎಣ್ಣೆಯ ಗುರುತಿನಲ್ಲಿ ಇದ್ದಷ್ಟು ಕತ್ತಲೆ ಇಲ್ಲಿರಲಿಲ್ಲ.

ಐದನೇ ಚಪ್ಪಡಿಯನ್ನು ಈಗ ಅದಕ್ಕೇ ಕೊಟ್ಟಿದ್ದೇವೆ. ನೀರು, ಸಕ್ಕರೆ ಪಾಕ, ಗ್ಲಿಸರಿನ್, ಕುಸುಬೆ ಎಣ್ಣೆ, ಕೊಬ್ಬರಿ ಎಣ್ಣೆ, ಐದು ಪಟ್ಟೆ ಪಕ್ಕಪಕ್ಕ ಬಳಿದು ಗೆರೆ ಎಲ್ಲಿ ಎಷ್ಟು ಅಳಿಯುತ್ತದೆ ನೋಡುವುದು. ಕುಸುಬೆ ಎಣ್ಣೆ ಆ ಹುಡುಗಿ ಮನೆಯಿಂದ ತರುತ್ತಾಳೆ, ಶನಿವಾರ.